ಬೆನ್ನು ತುಸು ವಾರೆ: ಮಗಳನ್ನು ಕರಾಟೆಗೆ ಕಳಿಸೋದೋ ಬೇಡವೋ?

ವೈದ್ಯನಾಥಪುರ: ಮದ್ದೂರಿಗೆ ಸಮೀಪ, ಶಿಂಷಾ ದಡದಲ್ಲಿರುವ ಈ ಊರಿನ ಹೆಸರೇ ವೈದ್ಯನಾಥೇಶ್ವರನದು. ಇಲ್ಲಿ ಶಿವನೇ ವೈದ್ಯ. ಕಾಯಿಲೆ ಕಸಾಲೆ ಬಂದವರು ಇಲ್ಲಿ ಹರಕೆ ಹೊರುತ್ತಾರೆ, ಚರ್ಮರೋಗ ವಾಸಿಯಾಗುತ್ತದೆಂಬ ನಂಬಿಕೆಯಂತೂ ಬಹಳ ಹಿಂದಿನದು. ಆದರೆ ಮಗಳ ಬೆನ್ನು ವಾರೆ ಇದೆ, ಅವಳನ್ನು ಕರಾಟೆಗೆ ಕಳಿಸಲೋ ಬೇಡವೋ ಎಂದು ತಾಯಿ ಕೇಳಿದರೆ ಉತ್ತರವನ್ನು ಮನುಷ್ಯರೇ ಹೇಳಬೇಕು. ಆ ಉತ್ತರ ಇದ್ದೂ ನಮ್ಮ ಹಳ್ಳಿಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ.

ಹೀಗೊಂದು ಮನೆ ಎಂದಿಟ್ಟುಕೊಳ್ಳಿ. ಈ ಊರಿನದೇ ಆಗಬೇಕೆಂದಿಲ್ಲ, ಮಳವಳ್ಳಿಯದಾದರೂ ಸರಿ, ಮಂಡ್ಯದ್ದಾದರೂ ಸರಿ. ಎಂಟನೇ ಕ್ಲಾಸಿನ ಹುಡುಗಿ ಬಗ್ಗಿ ಅಂಗಳ ಗುಡಿಸುತ್ತಿದ್ದಾಳೆ. ಬೆನ್ನಿನ ಬಲಗಡೆ ತುಸು ಉಬ್ಬಿರುವುದು ತಾಯಿಯ ಕಣ್ಣಿಗೆ ಬೀಳುತ್ತದೆ. ನಿಂತಾಗ ನೋಡಿದರೆ ಒಂದು ಭುಜ ಮೇಲೆ, ಒಂದು ಕೆಳಗೆ. ಆಸ್ಪತ್ರೆಯಲ್ಲಿ ನಿಲ್ಲಿಸಿ ಎಕ್ಸ್‌ರೇ ತೆಗೆದು, ‘ಬೆನ್ನುಮೂಳೆ 15 ಡಿಗ್ರಿ ಪಕ್ಕಕ್ಕೆ ಬಾಗಿದೆ. ಇದಕ್ಕೆ ಸ್ಕೋಲಿಯೋಸಿಸ್ ಅಂತಾರೆ. ಗಾಬರಿ ಬೇಡ, ಆರು ತಿಂಗಳು ಬಿಟ್ಟು ಕರಕೊಂಡು ಬನ್ನಿ’ ಎಂದು ಡಾಕ್ಟರು ಹೇಳಿ ಕಳಿಸುತ್ತಾರೆ. ಅದೇ ವಾರ ಸ್ಕೂಲಿನಲ್ಲಿ ಹೆಣ್ಣುಮಕ್ಕಳಿಗೆ ಕರಾಟೆ ಶುರುವಾಗುತ್ತದೆ. ಹುಡುಗಿ ಹೆಸರು ಕೊಟ್ಟು ಬಂದಿದ್ದಾಳೆ.

‘ಬ್ಯಾಡ ಕಣವ್ವ. ನಡ ಮುರ್ಕೊಂಡು ಬಿದ್ರೆ ನಾಳೆ ನಿನ್ನ ಯಾರು ಕಟ್ಕೋತಾರೆ?’ ಇದು ಅಜ್ಜಿಯ ಮಾತು.

‘ಸುಮ್ಕೆ ಕುಂತ್ಕಂಡ್ರೆ ನೆಟ್ಟಗಾಯ್ತದಾ ಅಜ್ಜಿ?’ ಇದು ಮೊಮ್ಮಗಳ ಪ್ರಶ್ನೆ.

ಹುಡುಗಿ ಕೇಳಿದ್ದು ಸರಿಯಾಗಿಯೇ ಇದೆ. ಸುಮ್ಮನೆ ಕೂತರೆ ನೆಟ್ಟಗಾಗುವುದಿಲ್ಲ. ಕರಾಟೆ ಕಲಿತರೂ ನೆಟ್ಟಗಾಗುವುದಿಲ್ಲ. ಆದರೆ ಕೂತವಳ ಮೈ ಬಿಗಿಯುತ್ತದೆ, ಧೈರ್ಯ ಕುಗ್ಗುತ್ತದೆ. ಕಲಿತವಳ ಬೆನ್ನಿನ ಮಾಂಸಖಂಡ ಗಟ್ಟಿಯಾಗುತ್ತದೆ. ಇಷ್ಟು ತಿಳಿದುಕೊಂಡರೆ ಅರ್ಧ ಜಗಳ ಮುಗಿದಂತೆ.

ಎಷ್ಟು ವಾರೆ, ಅದು ಮುಖ್ಯ

ಬೆನ್ನಿನ ಬಾಗನ್ನು ಎಕ್ಸ್‌ರೇ ಮೇಲೆ ಗೆರೆ ಎಳೆದು ಅಳೆಯುತ್ತಾರೆ. ಈ ಅಳತೆಗೆ ಅಮೆರಿಕದ ಮೂಳೆ ವೈದ್ಯ ಜಾನ್ ಕಾಬ್ ಅವರ ಹೆಸರಿದೆ. 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದನ್ನು ಕಾಯಿಲೆಯ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಲ್ಲಿಂದ ಸುಮಾರು 25ರವರೆಗೆ ಸೌಮ್ಯ. ಅದಕ್ಕೆ ಮದ್ದು ಬೇಡ, ಆಪರೇಷನ್ ಬೇಡ, ಬೆಳೆಯುವ ವಯಸ್ಸಿನಲ್ಲಿ ನಾಲ್ಕಾರು ತಿಂಗಳಿಗೊಮ್ಮೆ ತೋರಿಸಿಕೊಂಡು ಬಂದರೆ ಸಾಕು. ಬೆಳೆಯುವ ಮಕ್ಕಳಲ್ಲಿ 25 ದಾಟಿದರೆ ಮೈಗೆ ಬ್ರೇಸ್ ಎಂಬ ಗಟ್ಟಿ ಕವಚ ಹಾಕುತ್ತಾರೆ. 45-50 ದಾಟಿದರೆ ಆಪರೇಷನ್ ಮಾತು ಬರುತ್ತದೆ.

10ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಈ ಬಾಗು ಇರುತ್ತದೆ. ಸೌಮ್ಯವಾಗಿದ್ದರೆ ಗಂಡು ಹೆಣ್ಣೆಂಬ ಭೇದ ಅಷ್ಟಾಗಿ ಇಲ್ಲ, ಬೆಳೆದು ದೊಡ್ಡದಾಗುವುದು ಮಾತ್ರ ಹೆಣ್ಣುಮಕ್ಕಳಲ್ಲೇ ಹೆಚ್ಚು. ಬಹುಪಾಲು ಪ್ರಕರಣಗಳಲ್ಲಿ ಕಾರಣವೇ ಗೊತ್ತಾಗುವುದಿಲ್ಲ. ಕೊಡ ಹೊತ್ತದ್ದರಿಂದ ಬಂತು, ಪುಸ್ತಕದ ಚೀಲದಿಂದ ಬಂತು, ಬಸುರಿಯಲ್ಲಿ ತಾಯಿ ಏನೋ ಮಾಡಿದಳು ಎನ್ನುವುದೆಲ್ಲ ಬರೀ ಮಾತು. ತಾಯಂದಿರು ತಮ್ಮನ್ನೇ ಶಪಿಸಿಕೊಳ್ಳುವುದನ್ನು ಬಿಡಲಿ.

ವಾರೆ ಬೆನ್ನಿನವರು ಏನು ಮಾಡಿಯಾರು ಎನ್ನುವವರು ಉಸೇನ್ ಬೋಲ್ಟ್ ಹೆಸರು ಕೇಳಿರಬೇಕು. 2009ರಲ್ಲಿ ಬರ್ಲಿನ್‌ನಲ್ಲಿ 100 ಮೀಟರನ್ನು 9.58 ಸೆಕೆಂಡಿನಲ್ಲಿ ಓಡಿದ ಆ ಜಮೈಕಾದ ಓಟಗಾರನಿಗೂ ಸ್ಕೋಲಿಯೋಸಿಸ್ ಇದೆ. ಬೆನ್ನು, ಹೊಟ್ಟೆಯ ಮಾಂಸಖಂಡ ಗಟ್ಟಿಮಾಡಿಕೊಂಡೇ ಆತ ಓಡಿದ್ದು. ಅಮೆರಿಕದ ಲಾಮಾರ್ ಗ್ಯಾಂಟ್‌ಗೆ ಇದ್ದದ್ದು ತೀವ್ರ ಬಾಗು. ಅವರು 1985ರಲ್ಲಿ ತಮ್ಮ ಮೈತೂಕದ ಐದು ಪಟ್ಟು ಭಾರವನ್ನು ನೆಲದಿಂದ ಎತ್ತಿದರು. ಇದನ್ನು ನೋಡಿ ನಮ್ಮ ಮಕ್ಕಳೂ ಎತ್ತಲು ಹೋಗಲಿ ಎಂದಲ್ಲ, ಬಾಗು ಎಂದರೆ ಬದುಕೇ ಮುಗಿದುಹೋಗಲಿಲ್ಲ ಎಂಬುದಕ್ಕೆ ಈ ಮಾತು.

ಗರಡಿ ಏನನ್ನುತ್ತದೆ?

ಇದು ರಣಧೀರ ಕಂಠೀರವನ ಕಥೆ ಕೇಳಿ ಬೆಳೆದ ಸೀಮೆ. ಮೈಸೂರು ಮಂಡ್ಯದ ಕಡೆ ಗರಡಿಮನೆ, ಆಂಜನೇಯನ ಪಟ, ಕೆಮ್ಮಣ್ಣಿನ ಮಟ್ಟಿ ಯಾರಿಗೂ ಹೊಸದಲ್ಲ. ಗರಡಿಗೆ ಬಂದ ಹುಡುಗನನ್ನು ಉಸ್ತಾದರು ಮೊದಲ ದಿನವೇ ಅಖಾಡಕ್ಕೆ ತಳ್ಳುವುದಿಲ್ಲ. ಮೊದಲು ಮಟ್ಟಿ ಹದ ಮಾಡಬೇಕು, ದಂಡೆ ಹೊಡೆಯಬೇಕು, ಬಸ್ಕಿ ತೆಗೆಯಬೇಕು. ಪಟ್ಟು ಆಮೇಲೆ. ಮೈ ಹದವಾಗದೆ ಕುಸ್ತಿ ಇಲ್ಲ ಎಂಬ ಈ ಹಳೇ ಶಿಸ್ತೇ ವಾರೆ ಬೆನ್ನಿನವರಿಗೂ ಸರಿಯಾದ ದಾರಿ.

ಇನ್ನೊಂದು ಸಂಗತಿ. ಮೈಸೂರಿನಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜೆಟ್ಟಿಗಳು ಹಿಂದಿನಿಂದ ಮೂಳೆ ಕೂರಿಸುವುದಕ್ಕೂ ಹೆಸರಾದವರು. ಹೊಡೆದಾಡುವ ಕೈಯೇ ಮದ್ದು ಮಾಡುವ ಕೈ. ಆದರೆ ತಪ್ಪಿದ ಕೀಲು ಕೂರಿಸುವುದು ಬೇರೆ, ಬೆಳೆಯುತ್ತ ಬೆಳೆಯುತ್ತ ಬಾಗಿ ತಿರುಚಿಕೊಂಡ ಬೆನ್ನುಮೂಳೆ ಬೇರೆ. ‘ಒಂದೇ ಏಟಿಗೆ ಲಟಕ್ ಅನ್ನಿಸಿ ನೆಟ್ಟಗೆ ಮಾಡ್ತೀನಿ’ ಎಂದು ಯಾರಾದರೂ ಹೇಳಿದರೆ ಮಗುವನ್ನು ಅವರ ಕೈಗೆ ಕೊಡಬೇಡಿ. ಎಣ್ಣೆ ಹಚ್ಚಿ ನೀವಿದರೆ ನೋವು ತಗ್ಗೀತು, ಬಾಗು ತಗ್ಗದು.

ಯಾವುದು ಸೈ, ಯಾವುದು ಜೋಕೆ

ಕರಾಟೆಯಲ್ಲಿ ನಿಲ್ಲುವ ಭಂಗಿ, ಎಡ ಬಲ ಎರಡೂ ಕೈಯ ಗುದ್ದು, ಒಬ್ಬರೇ ಮಾಡುವ ಕಟಾ, ಇವೆಲ್ಲ ಸೌಮ್ಯ ಬಾಗಿನವರಿಗೆ ಆರಂಭಕ್ಕೆ ಒಳ್ಳೆಯವು. ಒಂದೇ ಮಗ್ಗುಲಿನಲ್ಲಿ ಮಾಡದೆ ಎರಡೂ ಕಡೆ ಸಮವಾಗಿ ಅಭ್ಯಾಸ ಮಾಡಬೇಕು. ಜೂಡೋ, ಕುಸ್ತಿಯಲ್ಲಿ ಎತ್ತಿ ಒಗೆಯುವುದಿದೆ. ಅಲ್ಲಿ ಬೀಳುವುದನ್ನು ಮೊದಲು ಕಲಿಯಬೇಕು, ಅದೂ ಮ್ಯಾಟ್ ಮೇಲೆ ಇಲ್ಲವೇ ಹದವಾದ ಮಟ್ಟಿಯಲ್ಲಿ. ಸಿಮೆಂಟ್ ನೆಲದ ಮೇಲೆ ಒಗೆಯುವುದು ನೆಟ್ಟಗಿನ ಬೆನ್ನಿಗೂ ಒಳ್ಳೆಯದಲ್ಲ.

ಬೆನ್ನನ್ನು ಹಿಂದಕ್ಕೆ ಬಿಲ್ಲಿನಂತೆ ಬಗ್ಗಿಸುವುದು, ತಲೆ ಊರಿ ಸೇತುವೆ ಹಾಕುವುದು, ಭಾರ ಹೊತ್ತು ತಿರುಗುವುದು ಜೋಕೆಯಿಂದ ಮಾಡಬೇಕಾದವು. ಹಿಂದಕ್ಕೆ ಬಗ್ಗಿ ಬಗ್ಗಿ ಸೊಂಟದ ಮೂಳೆಯಲ್ಲಿ ಸಣ್ಣ ಬಿರುಕು ಬರುವುದು ಕುಸ್ತಿಪಟುಗಳಲ್ಲೂ ಉಂಟು, ಕ್ರಿಕೆಟ್ಟಿನ ವೇಗದ ಬೌಲರುಗಳಲ್ಲೂ ಉಂಟು. ಅಭ್ಯಾಸದ ಮಾರನೇ ದಿನ ಮೈಕೈ ನೋವು ಸಹಜ. ಹಿಂದಕ್ಕೆ ಬಗ್ಗಿದಾಗಲೆಲ್ಲ ಸೊಂಟ ಚುಚ್ಚಿದರೆ, ರಾತ್ರಿ ನಿದ್ದೆಗೆಡಿಸುವ ನೋವಾದರೆ, ಕಾಲು ಜೋಮು ಹಿಡಿದರೆ ಇಲ್ಲವೇ ಸೋತರೆ ಅಭ್ಯಾಸ ನಿಲ್ಲಿಸಿ ಡಾಕ್ಟರಲ್ಲಿಗೆ ಹೋಗಬೇಕು. ಉಚ್ಚೆಯ ಮೇಲೆ ಹಿಡಿತ ತಪ್ಪಿದರೆ ಆ ಕ್ಷಣವೇ ಆಸ್ಪತ್ರೆ.

ಮೇಷ್ಟ್ರಿಗೆ ಮುಚ್ಚಿಡಬೇಡಿ

ಹುಡುಗಿಯನ್ನು ಕಳಿಸದಿರುವುದು ಒಂದು ತಪ್ಪಾದರೆ, ವಿಷಯ ಮುಚ್ಚಿಟ್ಟು ಕಳಿಸುವುದು ಅದಕ್ಕಿಂತ ದೊಡ್ಡ ತಪ್ಪು. ‘ಗೊತ್ತಾದ್ರೆ ಗೂನು ಅಂತ ಆಡ್ಕೋತಾರೆ, ಗಂಡು ಸಿಕ್ಕಲ್ಲ’ ಎಂಬ ಅಂಜಿಕೆಯಿಂದ ಮನೆಯವರು ಬಾಯಿ ಬಿಡುವುದಿಲ್ಲ. ಗೊತ್ತಿಲ್ಲದ ಮೇಷ್ಟ್ರು ಎಲ್ಲರಂತೆ ಇವಳನ್ನೂ ಬಗ್ಗಿಸುತ್ತಾರೆ, ಎತ್ತಿ ಹಾಕುತ್ತಾರೆ. ತಪ್ಪು ಯಾರದು? ಡಾಕ್ಟರ ಚೀಟಿ ತೋರಿಸಿ, ‘ಸಾ, ಹಿಂಗೈತೆ, ನೋಡ್ಕಂಡು ಹೇಳ್ಕೊಡಿ’ ಎನ್ನಲು ಎರಡು ನಿಮಿಷ ಸಾಕು.

ಸರ್ಕಾರಿ ಶಾಲೆಗಳ 6ರಿಂದ 12ನೇ ತರಗತಿಯ ಹೆಣ್ಣುಮಕ್ಕಳಿಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮೂರು ತಿಂಗಳ ಆತ್ಮರಕ್ಷಣೆ ತರಬೇತಿ ಇದೆ, ರಾಣಿ ಲಕ್ಷ್ಮೀಬಾಯಿ ಹೆಸರಿನಲ್ಲಿ. ಬೆನ್ನಿನ ಬಾಗು ಕಣ್ಣಿಗೆ ಬೀಳುವ ವಯಸ್ಸೂ ಇದೇ. ತರಬೇತಿಯ ಮೊದಲ ದಿನ ಪಿ.ಟಿ. ಮೇಡಂ ಒಬ್ಬೊಬ್ಬರನ್ನೂ ಕಾಲು ಜೋಡಿಸಿ, ಕೈ ಇಳಿಬಿಟ್ಟು ಮುಂದಕ್ಕೆ ಬಗ್ಗಿಸಿ ಹಿಂದಿನಿಂದ ನೋಡಿದರೆ ಸಾಕು. ಒಂದು ಮಗ್ಗುಲು ಉಬ್ಬಿದ್ದರೆ ಆಸ್ಪತ್ರೆಗೆ ಚೀಟಿ ಬರೆದು ಕಳಿಸಬೇಕು. ತಲೆಗೆ ಅರ್ಧ ನಿಮಿಷದ ಕೆಲಸ, ಕಾಸಿನ ಖರ್ಚಿಲ್ಲ. ಇದರ ಜೊತೆಗೆ ಶಾಲೆಗೆ ನಾಲ್ಕು ಮ್ಯಾಟು ಕೊಡಿಸಿದರೆ ಪುಣ್ಯ ಬರುತ್ತದೆ. ಶಿಕ್ಷಣ ಇಲಾಖೆಯವರು ಕಿವಿಗೊಡುವರೇ?

ವೈದ್ಯನಾಥೇಶ್ವರನಿಗೆ ಹರಕೆ ಹೊತ್ತುಕೊಳ್ಳಿ, ಬೇಡ ಎನ್ನುವವರಾರು? ಹಾಗೆಯೇ ಆರು ತಿಂಗಳಿಗೊಮ್ಮೆ ಬಸ್ಸು ಹತ್ತಿ ಮಂಡ್ಯದ ಮಿಮ್ಸ್ ಮೂಳೆ ವಿಭಾಗಕ್ಕೂ ಹೋಗಿ ಬನ್ನಿ. ಹುಡುಗಿಯನ್ನು ಮಾತ್ರ ಮೂಲೆಯಲ್ಲಿ ಕೂರಿಸಬೇಡಿ.