ರಿಮೋಟ್ ಒತ್ತಿದರೆ ಆಂಪ್ಲಿಫೈಯರ್ ಆನ್ ಆಗುವುದು ಹೇಗೆ?

ಪ್ರಶ್ನೆ: ನಾನೇ ಜೋಡಿಸಿದ ಆಂಪ್ಲಿಫೈಯರನ್ನು ಕುಳಿತಲ್ಲಿಂದಲೇ ಆನ್-ಆಫ್ ಮಾಡಬಹುದೇ?
— ಓದುಗರು, ಹ್ಯಾರೋ, ಲಂಡನ್

ಉತ್ತರ: ಖಂಡಿತ ಮಾಡಬಹುದು. ನಿಮ್ಮ ಹವ್ಯಾಸಕ್ಕೆ ಲಂಡನ್ನಿನಲ್ಲಿ ದೊಡ್ಡ ಪರಂಪರೆಯೇ ಇದೆ. 1947ರಲ್ಲಿ ಅಲ್ಲಿನ ‘ವೈರ್‌ಲೆಸ್ ವರ್ಲ್ಡ್’ ಪತ್ರಿಕೆ ಪ್ರಕಟಿಸಿದ ವಿಲಿಯಮ್ಸನ್ ಆಂಪ್ಲಿಫೈಯರನ್ನು ಬಹಳಷ್ಟು ಹವ್ಯಾಸಿಗಳು ಮನೆಯಲ್ಲೇ ಕಟ್ಟಿದರು.

ಬೇಕಾದದ್ದು ಇಷ್ಟು: ಸದಾ ಚಾಲೂ ಇರುವ 5 ವೋಲ್ಟಿನ ಪುಟ್ಟ ಪವರ್ ಸಪ್ಲೈ, 38 ಕಿಲೋಹರ್ಟ್ಸ್‌ನ ಇನ್‌ಫ್ರಾರೆಡ್ ರಿಸೀವರ್, ರಿಮೋಟಿನ ಸಂಕೇತ ಗುರುತಿಸುವ ಮೈಕ್ರೋಕಂಟ್ರೋಲರ್, ಅದು ಟ್ರಾನ್ಸಿಸ್ಟರ್ ಮೂಲಕ ನಡೆಸುವ ರಿಲೇ. ರಿಲೇ ಕಾಯಿಲ್‌ಗೆ ಅಡ್ಡಲಾಗಿ ಡಯೋಡ್ ಹಾಕಿ. ಇಲ್ಲವಾದರೆ ಆಫ್ ಆಗುವಾಗ ಚಿಮ್ಮುವ ವೋಲ್ಟೇಜಿಗೆ ಟ್ರಾನ್ಸಿಸ್ಟರ್ ಸುಟ್ಟೀತು.

ದೊಡ್ಡ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರ್ ಆನ್ ಆದ ಕ್ಷಣ ಮಾಮೂಲಿಗಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. ಆಗ ರಿಲೇಯ ಕಾಂಟ್ಯಾಕ್ಟ್‌ಗಳು ಬೆಸೆದುಕೊಳ್ಳಬಹುದು. ಮೊದಲು ಸೂಕ್ತ ಸಾಮರ್ಥ್ಯದ ರೆಸಿಸ್ಟರ್ ಮೂಲಕ ವಿದ್ಯುತ್ ಹರಿಸಿ, ಸುಮಾರು ಅರ್ಧ ಸೆಕೆಂಡಿನ ನಂತರ ಎರಡನೇ ರಿಲೇಯಿಂದ ಅದನ್ನು ಬೈಪಾಸ್ ಮಾಡಿ.

230 ವೋಲ್ಟ್ ಜೀವ ತೆಗೆಯಬಲ್ಲದು. ಲೋಹದ ಪೆಟ್ಟಿಗೆಗೆ ಅರ್ಥ್ ಭದ್ರವಾಗಿರಲಿ, ಬ್ರಿಟಿಷ್ ಪ್ಲಗ್ಗಿನಲ್ಲಿ ಸರಿಯಾದ ಫ್ಯೂಸ್ ಇರಲಿ. ರಿಮೋಟಿನಲ್ಲಿ ಆಫ್ ಮಾಡಿದರೂ ಒಳಗೆ ವಿದ್ಯುತ್ ಇರುತ್ತದೆ, ಕೆಪಾಸಿಟರ್‌ಗಳಲ್ಲೂ ಉಳಿದಿರುತ್ತದೆ. ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಖಾಲಿಯಾಗಿವೆಯೇ ಎಂದು ಮೀಟರಿನಲ್ಲಿ ನೋಡಿಯೇ ಕೈ ಹಾಕಿ. ಮೇನ್ಸ್ ಕೆಲಸ ಹೊಸದಾದರೆ ಬಲ್ಲವರಿಂದ ಪರೀಕ್ಷಿಸಿಕೊಳ್ಳಿ.