ಭೂಮಿಯ ವಿದ್ಯೆಗೆ ಪದವಿ: ಅನುಭವವಿಲ್ಲದವರಿಗೆ ಹಾದಿಯೆಲ್ಲಿ?

ಪದವಿ ಮುಗಿಸಿ ಮುಂದೇನೆಂದು ಯೋಚಿಸುವ ನಮ್ಮ ಯುವಕ ಯುವತಿಯರ ಮುಂದೆ ಇಂದು ಒಂದು ಹೊಸ ಹಾದಿ ಕಾಣಿಸಿಕೊಂಡಿದೆ. ಅದು ರಿಯಲ್ ಎಸ್ಟೇಟ್ ವಿಷಯದ ಸ್ನಾತಕೋತ್ತರ ವ್ಯಾಸಂಗ. ಆ ಉದ್ಯಮದಲ್ಲಿ ಒಂದು ದಿನವೂ ದುಡಿಯದವರು ಈ ಪದವಿಗೆ ಸೇರಬಹುದೇ? ಸೇರಿದರೆ ಕೆಲಸ ದೊರೆತೀತೇ? ನಿವೇಶನ ಮಾರಲು ಪದವಿಯೇಕೆ ಎಂದು ನಗುವ ಹಿರಿಯರೂ ಉಂಟು. ಆದರೆ ಇದು ನಕ್ಕು ತಳ್ಳಿಹಾಕುವ ಪ್ರಶ್ನೆಯಲ್ಲ. ನಿರ್ಧಾರ ತಪ್ಪಿದರೆ ಸಾಲದ ಹೊರೆ ಇಡೀ ಕುಟುಂಬದ ಮೇಲೆ ಬೀಳುತ್ತದೆ.

ಈ ಪ್ರಶ್ನೆ ಬೇತಮಂಗಲದಂತಹ ಊರಿನಲ್ಲಿ ಏಳುವುದಕ್ಕೆ ಕಾರಣಗಳಿವೆ. 2001ರ ಫೆಬ್ರವರಿ 28ರಂದು ಕೋಲಾರದ ಚಿನ್ನದ ಗಣಿಗಳು ಮುಚ್ಚಿದ ಮೇಲೆ ನಮ್ಮ ಜನ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದು ರೂಢಿಯಾಯಿತು. ಈಗ ಬೆಂಗಳೂರೇ ನಮ್ಮತ್ತ ಬರುತ್ತಿದೆ. 2022ರ ಮೇ ತಿಂಗಳಲ್ಲಿ ಶಂಕುಸ್ಥಾಪನೆಯಾದ ಸುಮಾರು 262 ಕಿಲೋಮೀಟರ್ ಉದ್ದದ ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ, ಹೊಸಕೋಟೆಯಿಂದ ಬೇತಮಂಗಲದ ಕಡೆಗಿನ ಸುಮಾರು 71 ಕಿಲೋಮೀಟರ್ ಭಾಗ 2024ರ ಡಿಸೆಂಬರಿನಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೂ ಮೊದಲೇ, 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿದ್ದರಿಂದ, ಕೃಷಿಕರಲ್ಲದವರೂ ಹೊಲಗದ್ದೆ ಕೊಳ್ಳುವುದು ಸುಲಭವಾಯಿತು. ರಸ್ತೆ ಮತ್ತು ಕಾನೂನು ಎರಡೂ ಬದಲಾದ ಕಡೆ ಭೂಮಿಯನ್ನು ಬಲ್ಲವರ ಅಗತ್ಯ ಹೆಚ್ಚುವುದು ಸಹಜವೇ ಸರಿ.

ಈ ವ್ಯಾಸಂಗದಲ್ಲಿ ಕಲಿಸುವುದು ದಲ್ಲಾಳಿತನವನ್ನಲ್ಲ. ಆಸ್ತಿಯ ಮೌಲ್ಯಮಾಪನ, ಹಣಕಾಸು, ಭೂ ಕಾನೂನು, ನಗರ ಯೋಜನೆ, ಕಟ್ಟಡ ಕಾಮಗಾರಿಯ ನಿರ್ವಹಣೆ ಇವೇ ಅದರ ಮುಖ್ಯ ಪಾಠಗಳು. ಅಮೆರಿಕದ ಎಂ.ಐ.ಟಿ. ಸಂಸ್ಥೆ 1983ರಲ್ಲಿಯೇ ಇದಕ್ಕೊಂದು ಕೇಂದ್ರವನ್ನು ತೆರೆಯಿತು. ಲಂಡನ್ನಿನಲ್ಲಿ 1868ರಲ್ಲಿ ಹುಟ್ಟಿದ ಸರ್ವೇಯರುಗಳ ಸಂಸ್ಥೆಯಾದ ಆರ್.ಐ.ಸಿ.ಎಸ್., ಅಮಿಟಿ ವಿಶ್ವವಿದ್ಯಾಲಯದೊಡನೆ ಸೇರಿ 2013ರಲ್ಲಿ ನೋಯ್ಡಾದಲ್ಲಿ ಶಾಲೆಯನ್ನು ಆರಂಭಿಸಿತು. ಪುಣೆಯ ನಿಕ್ಮಾರ್ ಸಂಸ್ಥೆಯೂ ಈ ಕ್ಷೇತ್ರದಲ್ಲಿ ಹೆಸರುವಾಸಿ. ಯಾವುದೇ ವಿಷಯದ ಪದವೀಧರರು ಅನುಭವವಿಲ್ಲದೆಯೂ ಸೇರಬಹುದಾದ ವ್ಯಾಸಂಗಗಳು ಇವೆ. ಬಾಗಿಲು ಮುಚ್ಚಿಲ್ಲ ಎಂಬುದು ಸ್ಪಷ್ಟ.

ಆದರೆ ಬಾಗಿಲು ತೆರೆದಿದೆ ಎಂದಮಾತ್ರಕ್ಕೆ ಒಳಗೆ ಊಟ ಬಡಿಸಿಟ್ಟಿದ್ದಾರೆಂದು ಭಾವಿಸಬಾರದು. ಕಂಪನಿಗಳ ಕಾಯ್ದೆಯ ಅಡಿ 2017ರಲ್ಲಿ ಬಂದ ನೋಂದಾಯಿತ ಮೌಲ್ಯಮಾಪಕರ ನಿಯಮಗಳನ್ನೇ ನೋಡೋಣ. ಭೂಮಿ ಮತ್ತು ಕಟ್ಟಡದ ಮೌಲ್ಯಮಾಪಕರಾಗಲು ನಿಗದಿತ ಸ್ನಾತಕೋತ್ತರ ಪದವಿ ಪಡೆದವರಿಗೂ ಆನಂತರ ಮೂರು ವರ್ಷದ ಅನುಭವ ಬೇಕು. ಅಷ್ಟೇ ಅಲ್ಲ, ಸಿವಿಲ್ ಎಂಜಿನಿಯರಿಂಗ್, ವಾಸ್ತುಶಿಲ್ಪ, ನಗರ ಯೋಜನೆಯಂತಹ ತಳಹದಿಯೂ ಬೇಕು. ಆರ್.ಐ.ಸಿ.ಎಸ್. ಸದಸ್ಯತ್ವಕ್ಕೂ, ಮಾನ್ಯತೆ ಪಡೆದ ಪದವಿಯಿದ್ದು ಅನುಭವವಿಲ್ಲದವರು ಸಾಮಾನ್ಯವಾಗಿ 24 ತಿಂಗಳ ತರಬೇತಿ ಪೂರೈಸಬೇಕು. ಅಂದರೆ ಪದವಿ ಅರ್ಧ ದಾರಿ ಮಾತ್ರ. ಉಳಿದರ್ಧವನ್ನು ನಡೆದೇ ಸವೆಸಬೇಕು.

ಆ ಉಳಿದರ್ಧವನ್ನು ಪದವಿಗೆ ಮೊದಲೇ ಆರಂಭಿಸಬಹುದು ಎಂಬುದು ನಮ್ಮ ಅಭಿಪ್ರಾಯ. ಅನುಭವವೆಂದರೆ ದೊಡ್ಡ ಕಂಪನಿಯ ನೌಕರಿಯೊಂದೇ ಅಲ್ಲ. ಪಹಣಿಯನ್ನು ಓದಲು, ಮ್ಯುಟೇಶನ್ನಿನ ಜಾಡು ಹಿಡಿಯಲು, ಋಣಭಾರ ಪತ್ರದಲ್ಲಿ ಹಳೆಯ ಸಾಲವನ್ನು ಗುರುತಿಸಲು, ಗ್ರಾಮನಕ್ಷೆಯಲ್ಲಿ ಖರಾಬು ಜಾಗವನ್ನೂ ರಾಜಕಾಲುವೆಯನ್ನೂ ಕಂಡುಹಿಡಿಯಲು ನಮ್ಮ ನಾಡಕಚೇರಿ ಹಾಗೂ ಉಪನೋಂದಣಿ ಕಚೇರಿಗಳ ಸುತ್ತಮುತ್ತಲೇ ಕಲಿಯಬಹುದು. ಅನುಭವಿ ವಕೀಲರೊಬ್ಬರ ಅಥವಾ ಪರವಾನಗಿ ಪಡೆದ ಭೂಮಾಪಕರೊಬ್ಬರ ಕೈಕೆಳಗೆ ಆರು ತಿಂಗಳು ದುಡಿದವರಿಗೆ ತರಗತಿಯ ಪಾಠ ಬೇರೆಯದೇ ಅರ್ಥ ಕೊಡುತ್ತದೆ. ದಲಿತ ಕುಟುಂಬಗಳಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಅನುಮತಿಯಿಲ್ಲದೆ ಮಾರುವಂತಿಲ್ಲ ಎನ್ನುವ 1978ರ ಪಿ.ಟಿ.ಸಿ.ಎಲ್. ಕಾಯ್ದೆಯನ್ನು ಅರಿಯದೆ ಕೋಲಾರ ಜಿಲ್ಲೆಯಲ್ಲಿ ಭೂ ವ್ಯವಹಾರ ಮಾಡುವುದು ಕಣ್ಣುಕಟ್ಟಿಕೊಂಡು ಬಾವಿಯ ದಡದಲ್ಲಿ ನಡೆದಂತೆ. ಪಾಲಾರ್ ನದಿಯ ನೀರನ್ನು ಹಿಡಿದು ಗಣಿಯೂರಿನ ದಾಹ ತಣಿಸಿದ ಬೇತಮಂಗಲದ ಕೆರೆಯೂ ಒಂದು ಪಾಠಶಾಲೆಯೇ. ಮಳೆಗಾಲದಲ್ಲಿ ನೀರು ಎಲ್ಲಿ ನಿಲ್ಲುತ್ತದೆಂದು ತಿಳಿಯದವರು ಬಡಾವಣೆಯ ನಕ್ಷೆ ಬರೆಯಬಾರದು.

ರೇರಾ ಎಂದು ಕರೆಯಲಾಗುವ 2016ರ ಕಾಯ್ದೆಯನ್ನೂ ಮೊದಲೇ ಓದಿಕೊಳ್ಳಬೇಕು. 500 ಚದರ ಮೀಟರಿಗೆ ಮೀರಿದ ಜಾಗದ ಅಥವಾ ಎಂಟಕ್ಕೆ ಮೀರಿದ ಮನೆಗಳ ಯೋಜನೆಗೆ ನೋಂದಣಿ ಕಡ್ಡಾಯ. ಕೊಳ್ಳುವವರಿಂದ ಪಡೆದ ಹಣದಲ್ಲಿ ಶೇಕಡಾ 70ನ್ನು ಪ್ರತ್ಯೇಕ ಖಾತೆಯಲ್ಲಿಡಬೇಕು. ದಲ್ಲಾಳಿಗಳೂ ನೋಂದಾಯಿಸಿಕೊಳ್ಳಬೇಕು. ರಾಜ್ಯದ ಪ್ರಾಧಿಕಾರದ ಆದೇಶಗಳು ಸಾರ್ವಜನಿಕರಿಗೆ ಲಭ್ಯವಿದ್ದು, ವಾರಕ್ಕೆ ಎರಡನ್ನು ಓದಿದರೂ ಈ ಉದ್ಯಮದಲ್ಲಿ ಜನ ಎಲ್ಲಿ ಎಡವುತ್ತಾರೆಂಬುದು ತಿಳಿಯುತ್ತದೆ. ಇದಕ್ಕೆ ಶುಲ್ಕವಿಲ್ಲ.

ಹಣದ ವಿಚಾರಕ್ಕೆ ಬರೋಣ. 7.5 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಒತ್ತೆ ಬೇಡದ ಕೇಂದ್ರದ ಖಾತರಿ ಯೋಜನೆಯಿದೆ. ಅದನ್ನು ಮೀರಿದ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಒತ್ತೆ ಕೇಳುತ್ತವೆ. ಗಣಿಯ ಲೈನ್ ಮನೆಗಳಲ್ಲಿ ತಲೆಮಾರುಗಳ ಕಾಲ ಬಾಳಿಯೂ ಹಕ್ಕುಪತ್ರ ಕಾಣದ ಕುಟುಂಬಗಳು ಏನನ್ನು ತಾನೇ ಒತ್ತೆಯಿಟ್ಟಾವು? ಆದ್ದರಿಂದ ಸಾಲಕ್ಕೆ ಸಹಿ ಹಾಕುವ ಮುನ್ನ ಸಂಸ್ಥೆಯನ್ನು ನೇರವಾಗಿ ಕೇಳಬೇಕು: ಅನುಭವವಿಲ್ಲದೆ ಸೇರಿದವರಲ್ಲಿ ಎಷ್ಟು ಮಂದಿಗೆ, ಎಂತಹ ಕೆಲಸ, ಎಷ್ಟು ಸಂಬಳಕ್ಕೆ ಸಿಕ್ಕಿತು? ವ್ಯಾಸಂಗದ ಅವಧಿಯಲ್ಲಿ ಕಂಪನಿಯಲ್ಲಿ ತರಬೇತಿ ಎಷ್ಟು ತಿಂಗಳು? ಹಳೆಯ ವಿದ್ಯಾರ್ಥಿಗಳೊಡನೆ ಮಾತನಾಡಲು ಅವಕಾಶವಿದೆಯೇ? ಇವಕ್ಕೆ ನೇರ ಉತ್ತರ ಬಾರದಿದ್ದರೆ, ಒಂದೆರಡು ವರ್ಷ ಕೆಲಸ ಮಾಡಿ ಆಮೇಲೆ ಓದುವುದೇ ಜಾಣತನ.

ಹಕ್ಕುಪತ್ರವಿಲ್ಲದ ಮನೆಯ ಆತಂಕವನ್ನು ಬಾಲ್ಯದಿಂದ ಕಂಡವರಿಗೆ, ಕಾಗದವೊಂದು ಬಡವನ ಬದುಕಿನಲ್ಲಿ ಏನೆಂಬುದನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಿಲ್ಲ. ಆ ಅರಿವಿಗೆ ವಿದ್ಯೆಯೂ ಪ್ರಾಮಾಣಿಕತೆಯೂ ಕೂಡಿದರೆ, ಹೆದ್ದಾರಿಯ ಬದಿಯ ರೈತನೂ ನಿವೇಶನಕ್ಕೆ ಜೀವಮಾನದ ಗಳಿಕೆ ಸುರಿಯುವ ಕೂಲಿಕಾರನೂ ನಂಬಿ ಬರುವಂತಹವರು ನಮ್ಮ ನಡುವಿನಿಂದಲೇ ಎದ್ದಾರು. ಓದಬೇಕೆನ್ನುವವರನ್ನು ಹಿರಿಯರು ತಡೆಯದಿರಲಿ. ಓದಲು ಹೊರಟವರು ಮೊದಲು ತಮ್ಮ ಊರಿನ ಒಂದು ಸರ್ವೆ ನಂಬರಿನ ಚರಿತ್ರೆಯನ್ನಾದರೂ ಪೂರ್ತಿಯಾಗಿ ಓದಿಕೊಂಡು ಹೊರಡಲಿ.