ನಾಲ್ಕು ಜನರಿಂದ ಕೆಲಸ ತೆಗೆಯೋದು ಹೇಗೆ?

"ಅಕ್ಕ, ನಾಳೆಯಿಂದ ನಾನು ಬರಲ್ಲ."

ನಮ್ಮ ಗುಂಪಿನಲ್ಲಿ ರೊಟ್ಟಿ ಬಡಿಯೋದರಲ್ಲಿ ಎಲ್ಲರಿಗಿಂತ ಮುಂದಿದ್ದಾಕೆ ಹೀಗೆ ಹೇಳಿ ಹೊರಟಾಗ ನನಗೆ ಕೈಕಾಲೇ ಆಡಲಿಲ್ಲ. ಮದುವೆ ಮನೆಗೆ 500 ರೊಟ್ಟಿ ಕೊಡೋಕೆ ಉಳಿದಿದ್ದು ಎರಡೇ ದಿನ. ತಪ್ಪು ನನ್ನದೇ. ಹಿಂದಿನ ದಿನ ರೊಟ್ಟಿ ಸೀದವೆಂದು ಎಂಟು ಜನರ ಎದುರಿಗೇ ಆಕೆಯ ಮೇಲೆ ಸಿಡುಕಿದ್ದೆ. ಮಗುವಿಗೆ ಜ್ವರ ಬಂದು ಆಕೆ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದಳು ಅನ್ನೋದು ಆಮೇಲೆ ಗೊತ್ತಾಯ್ತು.

ಮೇಲ್ವಿಚಾರಣೆ ಅಂದ್ರೆ ನಮ್ಮೂರಿಗೆ ಹೊಸದೇನಲ್ಲ. ಹತ್ತಿ ಗಿರಣಿಗಳಿಂದ ದಾವಣಗೆರೆ 'ಕರ್ನಾಟಕದ ಮ್ಯಾಂಚೆಸ್ಟರ್' ಅನ್ನಿಸಿಕೊಂಡಿತ್ತು. 1941ರಲ್ಲಿ ಹರಿಹರದಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಯಂತ್ರಗಳಿಗೆ ಹೆಸರುವಾಸಿಯಾಗಿತ್ತು. ಆಗ ಸೂಪರ್‌ವೈಸರ್ ಅಂದ್ರೆ ಗಂಡಸರೇ. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದು ಹಳ್ಳಿಗಳಲ್ಲಿ ಮಹಿಳಾ ಸಂಘಗಳು ಬೆಳೆದವು. ನಗರದ ಬಡಾವಣೆಗಳಲ್ಲೂ ಸಂಘಗಳಿವೆ. ರೊಟ್ಟಿ, ಚಟ್ನಿಪುಡಿ, ಹಪ್ಪಳ, ಹೊಲಿಗೆ ಅಂತ ನಾಲ್ಕು ಜನರನ್ನು ಕಟ್ಟಿಕೊಂಡು ಕೆಲಸ ಮಾಡಿಸುವ ಹೊಣೆ ಈಗ ನಮ್ಮ ಹೆಗಲಿಗೂ ಬಂದಿದೆ. ನಾನು ಪೆಟ್ಟು ತಿಂದು ಕಲಿತದ್ದು ಇಷ್ಟು:

* ಮೊದಲು ಮುಖ ನೋಡಿ. ಹತ್ತು ನಿಮಿಷ ಮುಂಚೆ ಬಂದು ಪ್ರತಿಯೊಬ್ಬರನ್ನೂ ಮಾತಾಡಿಸಿ. "ಯಾಕ್ರೀ, ಸಪ್ಪಗಿದ್ದೀರಿ?" ಅನ್ನೋ ಒಂದು ಮಾತು ಸಾಕು. ಅಂದು ನಾನು ಕೇಳಿದ್ದರೆ ಆಕೆಗೆ ಒಲೆ ಮುಂದಿನ ಕೆಲಸ ಕೊಡುತ್ತಲೇ ಇರಲಿಲ್ಲ.

* ಕೆಲಸ ಬಿಡಿಸಿ ಹೇಳಿ. "ಎಲ್ಲಾ ಸೇರಿ ಮಾಡಿಬಿಡಿ" ಅಂದರೆ ಯಾರೂ ಮಾಡುವುದಿಲ್ಲ. ಹಿಟ್ಟು ನಾದೋರು ಯಾರು, ಬಡಿಯೋರು ಯಾರು, ಬೇಯಿಸೋರು ಯಾರು, ಎಷ್ಟು ಹೊತ್ತಿಗೆ ಮುಗಿಯಬೇಕು ಎಂದು ಬೆಳಿಗ್ಗೆಯೇ ಹೇಳಿ. ಭಾನುವಾರ ಬೆಣ್ಣೆದೋಸೆ ಹೋಟೆಲಿಗೆ ಹೋದಾಗ ಗಮನಿಸಿ. ಕಾವಲಿ ಮುಂದೆ ನಿಂತವರು ಬಿಲ್ ಲೆಕ್ಕಕ್ಕೆ ತಲೆ ಹಾಕಲ್ಲ. ಅವರವರ ಕೆಲಸ ಅವರವರಿಗೆ ಗೊತ್ತಿದ್ದರೆ ಎಷ್ಟೇ ಜನ ನುಗ್ಗಿದರೂ ಗಲಿಬಿಲಿ ಇಲ್ಲ.

* ಹೊಗಳಿಕೆ ಎಲ್ಲರ ಮುಂದೆ, ತಿದ್ದುವುದು ಮರೆಯಲ್ಲಿ. ತಪ್ಪಾದರೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿ. ಬೈಯೋದಕ್ಕಿಂತ ಒಮ್ಮೆ ಮಾಡಿ ತೋರಿಸೋದು ಮೇಲು.

* ಲೆಕ್ಕ ತೆರೆದಿಡಿ. ಸ್ವಸಹಾಯ ಸಂಘಗಳಿಗೆ ಐದು ಸೂತ್ರ ಕಲಿಸುತ್ತಾರೆ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ಒಳಗೊಳಗೇ ಸಾಲ ಕೊಡುವುದು, ಹೊತ್ತಿಗೆ ಸರಿಯಾಗಿ ಮರುಪಾವತಿ, ಅಂದಂದಿನ ಲೆಕ್ಕ. ಸಂಘ ಒಡೆಯೋದು ಹೆಚ್ಚಾಗಿ ದುಡ್ಡಿನ ಗುಸುಗುಸುವಿನಿಂದ. ಬಂದ ಹಣ, ಖರ್ಚು, ಪಾಲು ಎಲ್ಲವನ್ನೂ ಪುಸ್ತಕದಲ್ಲಿ ಬರೆದು ಗಟ್ಟಿಯಾಗಿ ಓದಿ ಹೇಳಿ. ಓದು ಬಾರದವರಿಗೂ ನಂಬಿಕೆ ಬರುತ್ತದೆ.

* ಎಲ್ಲಾ ನಾನೇ ಅನ್ನಬೇಡಿ. ಅಂಗಡಿಯವರ ಜೊತೆ ಮಾತಾಡೋದು, ಬ್ಯಾಂಕಿಗೆ ಹೋಗೋದು ಇನ್ನಿಬ್ಬರಿಗಾದರೂ ಕಲಿಸಿ. ನೀವು ಒಂದು ವಾರ ತವರಿಗೆ ಹೋದರೂ ಕೆಲಸ ನಿಲ್ಲಬಾರದು. ಹಾಗೆ ನಡೆದರೆ ನಿಮ್ಮ ಬೆಲೆ ಕಡಿಮೆಯಾಗಲ್ಲ, ಹೆಚ್ಚುತ್ತೆ.

* ಪಕ್ಷಪಾತ ಬೇಡ. ನಿಮ್ಮ ಓರಗಿತ್ತಿಯೂ ಗುಂಪಿನಲ್ಲಿದ್ದಾಳೆಯೇ? ತಡವಾಗಿ ಬಂದರೆ ಆಕೆಗೂ ಎಲ್ಲರಿಗಿರುವ ನಿಯಮವೇ. ಮೊದಲಿಗೆ ಮುನಿಸಿಕೊಳ್ಳಬಹುದು, ಆದರೆ ಉಳಿದವರು ನಿಮ್ಮ ಮಾತಿಗೆ ಬೆಲೆ ಕೊಡುತ್ತಾರೆ.

ಆ ರೊಟ್ಟಿ ಕಥೆ ಏನಾಯ್ತು ಅಂತೀರಾ? ಅಂದು ಸಂಜೆ ಆಕೆಯ ಮನೆಗೇ ಹೋದೆ. ರೊಟ್ಟಿಯ ಮಾತು ಎತ್ತಲಿಲ್ಲ, ಮಗುವಿನ ಜ್ವರ ವಿಚಾರಿಸಿದೆ. "ಎಲ್ಲರ ಮುಂದೆ ಅಂದಿದ್ದು ತಪ್ಪಾಯ್ತು, ಎಲ್ಲರ ಮುಂದೆಯೇ ಹೇಳ್ತೀನಿ" ಅಂದೆ. ಮರುದಿನ ಹಾಗೇ ಮಾಡಿದೆ. ಹೇಳುವಾಗ ನಾಲಿಗೆ ತಡವರಿಸಿದ್ದು ನಿಜ. ಆಕೆ ಏನೂ ಅನ್ನದೆ ಸೆರಗು ಸಿಕ್ಕಿಸಿ ಹಿಟ್ಟಿಗೆ ಕೈ ಹಾಕಿದಳು. 500 ರೊಟ್ಟಿ ಹೊತ್ತಿಗೆ ಸರಿಯಾಗಿ ಮದುವೆ ಮನೆ ಸೇರಿದವು.

ಸಂಘವೇ ಇರಲಿ, ಮನೆಗೆಲಸದವಳೇ ಇರಲಿ, ಹಬ್ಬದ ಅಡುಗೆಗೆ ಸೇರಿದ ಸೊಸೆಯಂದಿರೇ ಇರಲಿ, ಇವೆಲ್ಲ ಒಂದೇ ದಿನಕ್ಕೆ ಬರೋ ಅಭ್ಯಾಸಗಳಲ್ಲ. ಈ ವಾರ ಒಂದನ್ನು ಹಿಡಿಯಿರಿ. ನಾಳೆ ಬೆಳಿಗ್ಗೆ ಕೆಲಸ ಹೇಳುವ ಮುಂಚೆ ಎದುರಿಗಿರುವವರ ಮುಖ ಒಮ್ಮೆ ನೋಡಿ. ಅಷ್ಟು ಸಾಕು, ಮುಂದಿನದು ತಾನಾಗೇ ಬರುತ್ತೆ.